ಗದ್ದಲದೊಳಗೇ ಹುಟ್ಟಿದ ಇಂಪು

1969ರ ನವೆಂಬರಿನಲ್ಲಿ ವಾರ್ನರ್ ಬ್ರದರ್ಸ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ‘ಲೈವ್/ಡೆಡ್’ ಎಂಬ ಜೋಡಿ ಎಲ್‌ಪಿಯನ್ನು ಹೊರತಂದಿತು. ಮೊದಲ ಬದಿಯ ತುಂಬ ಒಂದೇ ಹಾಡು, ‘ಡಾರ್ಕ್ ಸ್ಟಾರ್’. 23 ನಿಮಿಷದ ಆ ಹಾಡಿನಲ್ಲಿ ಸಾಹಿತ್ಯದ ಪಾಲು ಕೆಲವೇ ಸಾಲು; ಮಿಕ್ಕದ್ದೆಲ್ಲ ವಾದ್ಯಗಳು ಒಂದನ್ನೊಂದು ಕೆಣಕುತ್ತ, ಹಿಂಬಾಲಿಸುತ್ತ ಹೋಗುವ ಮನೋಧರ್ಮ. ನಾಲ್ಕನೆಯ ಬದಿಯಲ್ಲಿ ‘ಫೀಡ್‌ಬ್ಯಾಕ್’ ಎಂಬ ಹೆಸರಿಟ್ಟೇ ಸುಮಾರು ಎಂಟು ನಿಮಿಷ ಸ್ಪೀಕರುಗಳ ಊಳು. ಏಳು ತಿಂಗಳು ಕಳೆದು 1970ರ ಜೂನಿನಲ್ಲಿ ಅದೇ ಬ್ಯಾಂಡಿನ ‘ವರ್ಕಿಂಗ್‌ಮನ್ಸ್ ಡೆಡ್’ ಬಂತು. ಎಂಟು ಪುಟ್ಟ ಹಾಡುಗಳು, ಅಕೌಸ್ಟಿಕ್ ಗಿಟಾರು, ಪೆಡಲ್ ಸ್ಟೀಲ್ ಗಿಟಾರಿನ ಎಳೆದ ಸ್ವರ, ಮೂವರು ಕೂಡಿ ಹಾಡುವ ಮೇಳದ ದನಿ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದವರಿಗೆ ಇದು ಅದೇ ಬ್ಯಾಂಡೇ ಎಂಬ ಅನುಮಾನ ಬರುವುದು ಸಹಜ. ಆ ಅನುಮಾನಕ್ಕೆ ಸಿದ್ಧ ಉತ್ತರಗಳೂ ಉಂಟು: ಸಾಲ ಹೆಚ್ಚಾಗಿತ್ತು, ಅಗ್ಗದಲ್ಲಿ ಆಲ್ಬಂ ಮುಗಿಸಬೇಕಿತ್ತು; ಆ ಕಾಲದ ಗಾಳಿ ಹಳ್ಳಿಹಾಡಿನ ಕಡೆ ಬೀಸುತ್ತಿತ್ತು; ನಶೆಯ ದಿನಗಳು ಮುಗಿದು ಸುಸ್ತಾಗಿದ್ದರು. ಈ ಉತ್ತರಗಳಲ್ಲಿ ಒಂದಿಷ್ಟು ಹುರುಳಿದೆ. ಆದರೆ ಎಲ್ಲವೂ ಆಲ್ಬಂಗಳು ಅಂಗಡಿಗೆ ಬಂದ ತಾರೀಕನ್ನು ಆಧರಿಸಿ ಹೊರಡುತ್ತವೆ. ವೇದಿಕೆಯಲ್ಲಿ ಯಾವುದು ಯಾವಾಗ ಕೇಳಿಬಂತು ಎಂದು ನೋಡಿದರೆ ಬೇರೆಯದೇ ಚರಿತ್ರೆ ಕಾಣುತ್ತದೆ. ಈ ಬ್ಯಾಂಡಿನ ಇಂಪು ಗದ್ದಲ ಮುಗಿದ ಮೇಲೆ ಬಂದದ್ದಲ್ಲ. ಗದ್ದಲ ಅತಿ ಜೋರಾಗಿದ್ದ ತಿಂಗಳುಗಳಲ್ಲೇ, ಅದೇ ಕಛೇರಿಗಳ ಒಳಗೇ ಅದು ಹುಟ್ಟಿತು, ಮತ್ತು ಗದ್ದಲವನ್ನು ಹೊರಗಟ್ಟದೆ ಅದರ ನಡೆಯನ್ನೇ ಬದಲಿಸಿತು.

1965ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಪಾಲೊ ಆಲ್ಟೊ ಸುತ್ತಮುತ್ತ ಕೂಡಿದ ಹುಡುಗರ ತಂಡ ಇದು. ಮೊದಲ ಹೆಸರು ‘ವಾರ್ಲಾಕ್ಸ್’. ಜೆರಿ ಗಾರ್ಸಿಯಾ ಗಿಟಾರು, ಬಾಬ್ ವೇರ್ ಇನ್ನೊಂದು ಗಿಟಾರು, ಫಿಲ್ ಲೆಶ್ ಬೇಸ್, ಬಿಲ್ ಕ್ರೂಟ್ಸ್‌ಮನ್ ಡ್ರಮ್ಸ್, ‘ಪಿಗ್‌ಪೆನ್’ ಎಂದೇ ಹೆಸರಾದ ರಾನ್ ಮೆಕರ್ನನ್ ಆರ್ಗನ್ ಮತ್ತು ಬ್ಲೂಸ್ ಗಾಯನ. ಕಾದಂಬರಿಕಾರ ಕೆನ್ ಕೀಸಿ ನಡೆಸುತ್ತಿದ್ದ ‘ಆಸಿಡ್ ಟೆಸ್ಟ್’ ಕೂಟಗಳಲ್ಲಿ, ಎಲ್‌ಎಸ್‌ಡಿ ಇನ್ನೂ ಕಾನೂನುಬಾಹಿರವಾಗಿರದ ದಿನಗಳಲ್ಲಿ, ಇವರು ಇಡೀ ರಾತ್ರಿ ನುಡಿಸಿದರು. ಅಲ್ಲಿ ಯಾರೂ ಇವರನ್ನು ಕೇಳಲೆಂದೇ ಬಂದವರಲ್ಲ. ಹಾಗಾಗಿ ಹಾಡನ್ನು ಎಲ್ಲಿ ನಿಲ್ಲಿಸಬೇಕು ಎಂಬ ಒತ್ತಾಯವೂ ಇರಲಿಲ್ಲ. ಜಾಮ್ ಬ್ಯಾಂಡ್ ಎಂದು ಮುಂದೆ ಕರೆಯಲಾದ ಪದ್ಧತಿಯ ಬೇರು ಇದೇ: ಹಾಡು ಒಂದು ನೆಪ, ಅದರ ನಡುವಿನ ಬಯಲಲ್ಲಿ ಎಲ್ಲರೂ ಏಕಕಾಲಕ್ಕೆ ಹೊಸದನ್ನು ಹುಡುಕುವುದು ಮುಖ್ಯ. ನಮ್ಮ ಕಛೇರಿಯ ಮನೋಧರ್ಮದಲ್ಲಿ ಮುಖ್ಯ ಕಲಾವಿದ ಒಬ್ಬ, ಪಕ್ಕವಾದ್ಯದವರು ಅವನನ್ನು ಅನುಸರಿಸುವವರು. ಇಲ್ಲಿ ಆ ಏಣಿಯೇ ಇಲ್ಲ. ಬೇಸ್ ನುಡಿಸುವವನೂ ಮುನ್ನಡೆಸಬಹುದು, ಡ್ರಮ್ಸಿನವನೂ ದಾರಿ ತಪ್ಪಿಸಬಹುದು. ಇಂಥ ಸಂಗೀತದಲ್ಲಿ ದನಿ ಏರುವುದು ಬಲು ಸುಲಭ, ಇಳಿಯುವುದು ಕಷ್ಟ. ಯಾರಾದರೂ ಒಬ್ಬ ಜೋರು ಮಾಡಿದರೆ ಉಳಿದವರು ಕೇಳಿಸಲಿಕ್ಕಾಗಿಯಾದರೂ ಜೋರು ಮಾಡಲೇಬೇಕು.

1967ರ ಶರತ್ಕಾಲದಿಂದ ಮುಂದಿನ ಒಂದೂವರೆ ವರ್ಷ ಈ ಬ್ಯಾಂಡಿನ ಹಂಬಲವೆಲ್ಲ ಜಟಿಲತೆಯ ಕಡೆಗೇ ಇತ್ತು. ಸೆಪ್ಟೆಂಬರಿನಲ್ಲಿ ಮಿಕಿ ಹಾರ್ಟ್ ಎರಡನೆಯ ಡ್ರಮ್ಮರ್ ಆಗಿ ಬಂದ. ಅವನು ತಬಲಾದ ಉಸ್ತಾದ್ ಅಲ್ಲಾ ರಖಾ ಅವರಿಂದ ಪಾಠ ಹೇಳಿಸಿಕೊಂಡವನು. ಹನ್ನೊಂದು ಎಣಿಕೆಯ ಆವರ್ತದ ‘ದಿ ಇಲೆವೆನ್’ ಎಂಬ ಹಾಡು ಆ ಕಲಿಕೆಯ ಕಾಲದ್ದು. ರಾಕ್ ಬ್ಯಾಂಡೊಂದು ನಾಲ್ಕರ ಎಣಿಕೆ ಬಿಟ್ಟು ಹನ್ನೊಂದಕ್ಕೆ ಹೋದದ್ದರ ಹಿಂದೆ ಭಾರತದ ತಾಳದ ಲೆಕ್ಕ ಇದ್ದೇ ಇದೆ. ಲೆಶ್ ಇಟಲಿಯ ಸಂಯೋಜಕ ಲುಚಾನೊ ಬೆರಿಯೊ ಹತ್ತಿರ ಮಿಲ್ಸ್ ಕಾಲೇಜಿನಲ್ಲಿ ಕಲಿತವನು, ಅವನಿಗೆ ರಾಕ್‌ಗಿಂತ ಆಧುನಿಕ ಯುರೋಪಿನ ಸಂಗೀತವೂ ಕೊಲ್ಟ್ರೇನನ ಜಾಝೂ ಹತ್ತಿರ. 1968ರ ‘ಆಂಥಮ್ ಆಫ್ ದ ಸನ್’ ಆಲ್ಬಮ್ಮಿನಲ್ಲಿ ಬೇರೆ ಬೇರೆ ಕಛೇರಿಗಳ ಟೇಪುಗಳನ್ನು ಸ್ಟುಡಿಯೋದ ಧ್ವನಿಯ ಮೇಲೆ ಪದರಪದರವಾಗಿ ಹಾಸಿದರು. ಈ ಹಂಬಲ ಎಷ್ಟು ಗಾಢವಾಗಿತ್ತೆಂದರೆ, 1968ರ ಶರತ್ಕಾಲದಲ್ಲಿ ವೇರ್ ಮತ್ತು ಪಿಗ್‌ಪೆನ್ ಇಬ್ಬರನ್ನೂ ತಂಡದಿಂದ ಬಿಡುವ ಮಾತು ನಡೆಯಿತು. ಅವರ ನುಡಿಸಾಣಿಕೆ ಉಳಿದವರ ಮಟ್ಟಕ್ಕೆ ಬರುತ್ತಿಲ್ಲ ಎಂಬುದು ದೂರು. ಅಕ್ಟೋಬರಿನಲ್ಲಿ ಉಳಿದವರು ‘ಮಿಕಿ ಅಂಡ್ ದ ಹಾರ್ಟ್‌ಬೀಟ್ಸ್’ ಎಂಬ ಹೆಸರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಟ್ರಿಕ್ಸ್ ಕ್ಲಬ್ಬಿನಲ್ಲಿ ಹೆಚ್ಚೂಕಡಿಮೆ ಹಾಡುಗಾರಿಕೆಯೇ ಇಲ್ಲದೆ ನುಡಿಸಿಯೂ ನೋಡಿದರು. ಬಿಡಬೇಕೆಂದುಕೊಂಡಿದ್ದು ಯಾರನ್ನು ಎಂಬುದನ್ನು ಗಮನಿಸಬೇಕು. ಒಬ್ಬ ತಂಡದ ಅತಿ ಬಲವಾದ ಗಾಯಕ, ಇನ್ನೊಬ್ಬ ಮುಂದೆ ಕಂಟ್ರಿ ಹಾಡುಗಳಿಗೆ ಮುಖ್ಯ ಕಂಠವಾದವನು. ಹಾಡುವವರು ಹೊರೆ ಎನಿಸಿದ್ದ ತಂಡವೊಂದು ವರ್ಷ ಕಳೆಯುವಷ್ಟರಲ್ಲಿ ಹಾಡನ್ನೇ ನಡುಮನೆಯಲ್ಲಿ ಕೂರಿಸಿತು. ಬಿಡುವ ಮಾತು ಕಾರ್ಯಗತವಾಗಲಿಲ್ಲ, ಇಬ್ಬರೂ ಉಳಿದರು. ಗಾಯಕರಿಲ್ಲದ ಆ ಪ್ರಯೋಗ ತೃಪ್ತಿ ಕೊಡಲಿಲ್ಲ ಎಂದು ಇದರಿಂದ ಊಹಿಸಿದರೆ ತಪ್ಪಾಗದು.

ಮೊದಲ ಸಾಕ್ಷ್ಯ ‘ಲೈವ್/ಡೆಡ್’ನ ಅಂಚುಗಳಲ್ಲೇ ಸಿಗುತ್ತದೆ. ಆ ಆಲ್ಬಂ ಅಂಗಡಿಗೆ ಬಂದದ್ದು ನವೆಂಬರಿನಲ್ಲಾದರೂ ಮುದ್ರಣವಾದದ್ದು ಅದೇ ವರ್ಷದ ಜನವರಿಯಿಂದ ಮಾರ್ಚ್ ಆರಂಭದವರೆಗೆ. ಪ್ರಸಿದ್ಧವಾದ ಆ ‘ಡಾರ್ಕ್ ಸ್ಟಾರ್’ ಫೆಬ್ರವರಿ 27ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್‌ನಲ್ಲಿ ನುಡಿಸಿದ್ದು. ಎಲ್‌ಪಿಯಲ್ಲಿ ಅದು ಎಲ್ಲಿಂದಲೋ ಮೆಲ್ಲನೆ ಮೇಲೆದ್ದು ಬರುತ್ತದೆ. ಆ ಸರಣಿಯ ನಾಲ್ಕು ರಾತ್ರಿಗಳ ಪೂರ್ತಿ ಧ್ವನಿಮುದ್ರಣ 2005ರಲ್ಲಿ ಹೊರಬಂದಾಗ ಅದು ಎಲ್ಲಿಂದ ಬರುತ್ತದೆ ಎಂಬುದು ಎಲ್ಲರಿಗೂ ಕೇಳಿಸಿತು. ಅದಕ್ಕೆ ಮೊದಲು ‘ಡ್ಯೂಪ್ರೀಸ್ ಡೈಮಂಡ್ ಬ್ಲೂಸ್’ ಎಂಬ ಹಳೆಗಾಲದ ಧಾಟಿಯ ತಮಾಷೆ ಹಾಡು, ಆಮೇಲೆ ‘ಮೌಂಟನ್ಸ್ ಆಫ್ ದ ಮೂನ್’ ಎಂಬ, ಹಳೆಯ ಇಂಗ್ಲಿಷ್ ಲಾವಣಿಗಳ ನೆನಪು ತರುವ ಮೆಲುದನಿಯ ಹಾಡು. ಎರಡಕ್ಕೂ ಅಕೌಸ್ಟಿಕ್ ಗಿಟಾರು. ಎರಡನೆಯದರ ಕೊನೆಯ ಎಳೆ ಹಿಡಿದೇ ‘ಡಾರ್ಕ್ ಸ್ಟಾರ್’ ಬಿಚ್ಚಿಕೊಳ್ಳುತ್ತದೆ. ಆಲ್ಬಂ ಜೋಡಿಸುವಾಗ ಆ ಮೆಲುಹಾಡನ್ನು ಕತ್ತರಿಸಿ ಬಿಟ್ಟರು; ಅದು ಆಗಲೇ ‘ಆಕ್ಸೊಮೊಕ್ಸೊವಾ’ ಎಂಬ ಸ್ಟುಡಿಯೋ ಆಲ್ಬಮ್ಮಿಗೆ ಸೇರಿತ್ತು. ಕತ್ತರಿಯ ಈಚೆಯ ಭಾಗವನ್ನಷ್ಟೇ ಕೇಳಿದ ಜಗತ್ತು ಇದನ್ನು ಬರಿಯ ಗದ್ದಲದ ತಂಡ ಎಂದುಕೊಂಡಿತು. ಆಲ್ಬಮ್ಮಿನ ಇನ್ನೊಂದು ಅಂಚಿನಲ್ಲೂ ಇದೇ ಕತೆ. ‘ಫೀಡ್‌ಬ್ಯಾಕ್’ನ ಊಳು ಮುಗಿದ ಕೂಡಲೇ, ಅರ್ಧ ನಿಮಿಷದಷ್ಟು, ವಾದ್ಯಗಳನ್ನು ಬದಿಗಿಟ್ಟು ತಂಡದವರು ಒಂದು ಹಳೆಯ ಕ್ರೈಸ್ತ ವಿದಾಯಗೀತೆಯನ್ನು ಮೇಳದಲ್ಲಿ ಹಾಡುತ್ತಾರೆ. ಶ್ರುತಿ ಅಷ್ಟೇನೂ ಕೂಡಿಲ್ಲ. ಆದರೂ ಎಂಟು ನಿಮಿಷದ ಕರ್ಕಶಕ್ಕೆ ಬರಿಯ ಕಂಠದಿಂದ ತೆರೆ ಎಳೆಯಬೇಕೆಂಬ ಯೋಚನೆ 1969ರ ಮೊದಲಲ್ಲೇ ಇತ್ತೆಂಬುದು ಮುಖ್ಯ.

ಆ ವರ್ಷದ ಬೇಸಿಗೆಯ ಹೊತ್ತಿಗೆ ಸಾಕ್ಷ್ಯ ಗುಂಪುಗುಂಪಾಗಿ ಸಿಗುತ್ತದೆ. ಗಾರ್ಸಿಯಾ ಪೆಡಲ್ ಸ್ಟೀಲ್ ಕೊಂಡು ಅಭ್ಯಾಸಕ್ಕೆ ಕೂತ. ವೇರ್ ವೇದಿಕೆಯ ಮೇಲೆ ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡನ ‘ಮಾಮಾ ಟ್ರೈಡ್’ ಹಾಡತೊಡಗಿದ. ಸಾಹಿತ್ಯ ಬರೆಯುತ್ತಿದ್ದ ರಾಬರ್ಟ್ ಹಂಟರ್ ಮತ್ತು ಗಾರ್ಸಿಯಾ ಮರಿನ್ ಕೌಂಟಿಯ ಲಾರ್ಕ್ಸ್‌ಪರ್‌ನಲ್ಲಿ ಒಂದೇ ಮನೆಯಲ್ಲಿದ್ದರು. ಹಾಡುಗಳು ಒಂದರ ಹಿಂದೊಂದು ಬರತೊಡಗಿದವು. ‘ಡೈರ್ ವುಲ್ಫ್’, ‘ಹೈ ಟೈಮ್’, ‘ಕೇಸಿ ಜೋನ್ಸ್’ ಮೂರೂ ಜೂನ್ ತಿಂಗಳಲ್ಲೇ ವೇದಿಕೆ ಏರಿದವು. ಆಗಸ್ಟಿನಲ್ಲಿ ವುಡ್‌ಸ್ಟಾಕ್. ಮಳೆ, ಒದ್ದೆ ವೇದಿಕೆ, ಮೈಕು ಮುಟ್ಟಿದರೆ ಕರೆಂಟು ಹೊಡೆಯುವ ಸ್ಥಿತಿ. ತಮ್ಮ ಅತಿ ಕೆಟ್ಟ ಕಛೇರಿಗಳಲ್ಲಿ ಅದೊಂದು ಎಂದು ತಂಡದವರೇ ಹೇಳಿಕೊಂಡಿದ್ದಾರೆ. ಅಲ್ಲಿ ನುಡಿಸಿದ್ದು ಐದೇ ಹಾಡು. ಅದರಲ್ಲಿ ಎರಡು ‘ಮಾಮಾ ಟ್ರೈಡ್’ ಮತ್ತು ‘ಹೈ ಟೈಮ್’, ಅವುಗಳ ನಡುವೆ ‘ಡಾರ್ಕ್ ಸ್ಟಾರ್’! ನಶೆಯ ಸಂಗೀತದ ಶಿಖರವೆಂದು ಪ್ರಸಿದ್ಧವಾದ ಆ ಉತ್ಸವದಲ್ಲಿ ಈ ತಂಡ ತನ್ನ ಅತಿ ದೂರದ ಪಯಣವನ್ನು ಎರಡು ಕಂಟ್ರಿ ಹಾಡುಗಳ ಮಧ್ಯೆ ಇಟ್ಟಿತ್ತು. ಡಿಸೆಂಬರ್ ಮುಗಿಯುವಷ್ಟರಲ್ಲಿ ‘ವರ್ಕಿಂಗ್‌ಮನ್ಸ್ ಡೆಡ್’ನ ಎಂಟೂ ಹಾಡುಗಳು ಸಭಿಕರ ಕಿವಿಗೆ ಬಿದ್ದಾಗಿತ್ತು. ಅಂದರೆ ಜಗತ್ತು ‘ಲೈವ್/ಡೆಡ್’ ಕೊಂಡು ಮನೆಗೆ ಒಯ್ಯುತ್ತಿದ್ದ ವಾರಗಳಲ್ಲಿ ತಂಡ ಮುಂದಿನ ಆಲ್ಬಮ್ಮನ್ನು ವೇದಿಕೆಯಲ್ಲಿ ಆಗಲೇ ನುಡಿಸುತ್ತಿತ್ತು.

ಈ ಹಾಡುಗಳು ಜಾಮಿನ ಪಕ್ಕದಲ್ಲಿ ಬಂದು ಕೂತವಷ್ಟೇ ಎನ್ನಲೂ ಆಗದು. 1969ರ ನವೆಂಬರ್ 8ರ ಫಿಲ್‌ಮೋರ್ ಕಛೇರಿಯ ಟೇಪು ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಬಲವಾದ ದಾಖಲೆ ಎನಿಸುತ್ತದೆ. ‘ಡಾರ್ಕ್ ಸ್ಟಾರ್’ ನಡುವೆ, ಹಾಡಿಲ್ಲದೆ, ‘ಅಂಕಲ್ ಜಾನ್ಸ್ ಬ್ಯಾಂಡ್’ನ ರಾಗದ ಎಳೆ ತಲೆ ಎತ್ತುತ್ತದೆ, ಸ್ವಲ್ಪ ಹೊತ್ತು ನಡೆದಾಡಿ ಮತ್ತೆ ಜಾಮಿನೊಳಕ್ಕೆ ಇಳಿಯುತ್ತದೆ. ಸಾಹಿತ್ಯದೊಂದಿಗೆ ಅದು ವೇದಿಕೆಗೆ ಬಂದದ್ದು ಡಿಸೆಂಬರ್ ಮೊದಲ ವಾರದಲ್ಲಿ. ತಂಡದ ಅತಿ ಮಧುರ ಹಾಡೆಂದು ಇವತ್ತಿಗೂ ಹೇಳುವ ಆ ಹಾಡಿನ ರಾಗ ಹೀಗೆ ಮೊದಲು ರೂಪು ತಳೆದದ್ದು ಅವರ ಅತಿ ಅಮೂರ್ತವಾದ ಜಾಮಿನ ಹೊಟ್ಟೆಯಲ್ಲಿ. ಅದೇ ರಾತ್ರಿ ನುಡಿಸಿದ ಇನ್ನೊಂದು ತುಣುಕು ‘ದ ಮೇನ್ ಟೆನ್’, ಹತ್ತರ ಎಣಿಕೆಯ ಹಾರ್ಟ್‌ನ ತಾಳವಿನ್ಯಾಸ. 1971ರಲ್ಲಿ ಅದಕ್ಕೆ ಮಾತು ಕೂಡಿ ‘ಪ್ಲೇಯಿಂಗ್ ಇನ್ ದ ಬ್ಯಾಂಡ್’ ಆಯಿತು. ಹನ್ನೊಂದರ ಎಣಿಕೆಯ ಹಾಡು 1970ರ ಮೊದಲರ್ಧದ ನಂತರ ಮರೆಯಾಯಿತಾದರೂ ಹತ್ತರ ಎಣಿಕೆ ಗುನುಗಬಹುದಾದ ಹಾಡಿನ ವೇಷದಲ್ಲಿ ಕೊನೆಯವರೆಗೂ ಉಳಿಯಿತು. ಜಟಿಲತೆಯನ್ನು ಎಸೆದರು ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಈಗ ಸಾಲದ ವಾದಕ್ಕೆ ಬರೋಣ. ‘ಆಕ್ಸೊಮೊಕ್ಸೊವಾ’ ಮಾಡುವಾಗ ತಂಡ ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೂತಿತು. ಹೊಸದಾಗಿ ಹದಿನಾರು ಟ್ರ್ಯಾಕಿನ ಯಂತ್ರ ಸಿಕ್ಕಿದ್ದೇ ತಡ, ಅದುವರೆಗಿನ ಕೆಲಸ ಬದಿಗೊತ್ತಿ ಮತ್ತೆ ಮೊದಲಿಂದ ಶುರು ಮಾಡಿತು. ವಾರ್ನರ್ ಕಂಪನಿಗೆ ಇವರು ತೀರಿಸಬೇಕಾದ ಬಾಕಿ ಸುಮಾರು 1,80,000 ಡಾಲರಿಗೆ ಮುಟ್ಟಿತೆಂದು ಹೇಳುವುದುಂಟು. 1970ರ ಜನವರಿ ಕೊನೆಯ ದಿನ ನ್ಯೂ ಆರ್ಲಿಯನ್ಸಿನ ಹೋಟೆಲಿನಲ್ಲಿ ಮಾದಕವಸ್ತು ಪ್ರಕರಣದಲ್ಲಿ ಪೊಲೀಸರು ಹಿಡಿದರು. ಸ್ವಲ್ಪ ದಿನಕ್ಕೇ, ಮ್ಯಾನೇಜರಾಗಿದ್ದ ಹಾರ್ಟ್‌ನ ತಂದೆಯೇ ತಂಡದ ದೊಡ್ಡ ಮೊತ್ತವನ್ನು ಲಪಟಾಯಿಸಿದ್ದು ಬಯಲಾಯಿತು. ಇಷ್ಟೆಲ್ಲ ಆದಾಗ ಸ್ಟುಡಿಯೋದಲ್ಲಿ ಬೇಗ, ಸರಳವಾಗಿ ಕೆಲಸ ಮುಗಿಸಬೇಕೆಂಬ ನಿಶ್ಚಯಕ್ಕೆ ಬಂದದ್ದು ನ್ಯಾಯವೇ. ‘ವರ್ಕಿಂಗ್‌ಮನ್ಸ್ ಡೆಡ್’ ಕೆಲವೇ ದಿನಗಳಲ್ಲಿ ಮುಗಿದದ್ದಕ್ಕೆ ಸಾಲ ಒಂದು ಕಾರಣ ಎಂದು ನಾನೂ ಒಪ್ಪುತ್ತೇನೆ. ಆದರೆ ಸಾಲ ವಿವರಿಸುವುದು ಮುದ್ರಣದ ವೇಗವನ್ನು, ಹಾಡುಗಳ ಗುಣವನ್ನಲ್ಲ. ಬಂಧನಕ್ಕೂ ವಂಚನೆ ಬಯಲಾಗುವುದಕ್ಕೂ ಮೊದಲೇ ಎಂಟೂ ಹಾಡುಗಳು ವೇದಿಕೆಯಲ್ಲಿದ್ದವು. ಬೇಗ ಮುಗಿಸಲು ಸಾಧ್ಯವಾದದ್ದು ಕೂಡ ಅದಕ್ಕೇ: ಕಛೇರಿಗಳಲ್ಲಿ ನುಡಿಸಿ ನುಡಿಸಿ ಅವು ಕೈಗೆ ಕೂತಿದ್ದವು. ಹಣ ಉಳಿಸುವುದೊಂದೇ ಗುರಿಯಾಗಿದ್ದರೆ ಅದಕ್ಕಿಂತ ಅಗ್ಗದ ದಾರಿ ಇತ್ತು. ಕಛೇರಿಯೊಂದನ್ನು ಮುದ್ರಿಸಿ ಹಾಗೇ ಕೊಡಬಹುದಿತ್ತು. ‘ಲೈವ್/ಡೆಡ್’ ಬಹುಪಾಲು ಹಾಗೆಯೇ ಮಾಡಿದ್ದು.

ಗಾಳಿ ಬೀಸಿದ ಕಡೆ ತೂರಿಕೊಂಡರು ಎಂಬ ಎರಡನೆಯ ವಾದ ಇದಕ್ಕಿಂತ ಗಟ್ಟಿ. 1967ರ ಕೊನೆಗೆ ಬಾಬ್ ಡಿಲನ್‌ನ ‘ಜಾನ್ ವೆಸ್ಲಿ ಹಾರ್ಡಿಂಗ್’, 1968ರ ಜುಲೈನಲ್ಲಿ ‘ದ ಬ್ಯಾಂಡ್’ನ ಮೊದಲ ಆಲ್ಬಂ, ಆಗಸ್ಟಿನಲ್ಲಿ ಬರ್ಡ್ಸ್ ತಂಡದ ಕಂಟ್ರಿ ಆಲ್ಬಂ, 1969ರ ಮೇ ತಿಂಗಳಲ್ಲಿ ಕ್ರಾಸ್ಬಿ, ಸ್ಟಿಲ್ಸ್ ಅಂಡ್ ನ್ಯಾಶ್: ಸಾಲುಸಾಲಾಗಿ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಕೊನೆಯವರಂತೂ ನೆರೆಹೊರೆಯವರೇ ಆಗಿದ್ದರು. ಅವರ ‘ಟೀಚ್ ಯುವರ್ ಚಿಲ್ಡ್ರನ್’ ಹಾಡಿಗೆ ಪೆಡಲ್ ಸ್ಟೀಲ್ ನುಡಿಸಿದವನು ಗಾರ್ಸಿಯಾ, ಮೂರು ಕಂಠ ಕೂಡಿಸುವ ಬಗೆಯಲ್ಲಿ ಅವರಿಂದ ಕಲಿತೆವೆಂಬುದನ್ನು ಡೆಡ್‌ನವರು ಮುಚ್ಚಿಟ್ಟವರಲ್ಲ. ಹೀಗಿರುವಾಗ ಪ್ರಭಾವವೇ ಇಲ್ಲ ಎನ್ನುವುದು ಹಟವಾಗುತ್ತದೆ. ಆದರೆ ಗಾಳಿ ಎಲ್ಲರ ಮೇಲೂ ಬೀಸಿತ್ತು. ಬೇಸಿಗೆಯೊಂದರಲ್ಲಿ ದಿಕ್ಕು ಬದಲಿಸುವಷ್ಟು ಸಿದ್ಧತೆ ಈ ತಂಡಕ್ಕೆ ಎಲ್ಲಿಂದ ಬಂತು? ಗಾರ್ಸಿಯಾ ರಾಕ್ ನುಡಿಸುವ ಮೊದಲು ಬ್ಯಾಂಜೋ ವಾದಕ. 1964ರಲ್ಲಿ ಬ್ಲೂಗ್ರಾಸ್ ಕೇಳಲು, ಟೇಪು ಮಾಡಿಕೊಳ್ಳಲು ಕ್ಯಾಲಿಫೋರ್ನಿಯಾದಿಂದ ದಕ್ಷಿಣದ ರಾಜ್ಯಗಳವರೆಗೆ ಕಾರು ಓಡಿಸಿಕೊಂಡು ಹೋದವನು, ಬಿಲ್ ಮನ್ರೋನ ತಂಡ ಸೇರುವ ಆಸೆ ಇಟ್ಟುಕೊಂಡಿದ್ದವನು. ಅದೇ ವರ್ಷ ಅವನು, ವೇರ್, ಪಿಗ್‌ಪೆನ್ ಮೂವರೂ ‘ಮದರ್ ಮೆಕ್ರೀಸ್ ಅಪ್‌ಟೌನ್ ಜಗ್ ಚಾಂಪಿಯನ್ಸ್’ ಎಂಬ ಅಕೌಸ್ಟಿಕ್ ತಂಡದಲ್ಲಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೇಡಿಯೋಗಾಗಿ ಮುದ್ರಿಸಿದ ಅವರ ಟೇಪು 1999ರಲ್ಲಿ ಬಿಡುಗಡೆಯಾಗಿದೆ. ವಿದ್ಯುತ್ ಗಿಟಾರಿನಲ್ಲೂ ಗಾರ್ಸಿಯಾನ ಒಂದೊಂದು ಸ್ವರ ಬಿಡಿಬಿಡಿಯಾಗಿ, ಮಣಿ ಪೋಣಿಸಿದಂತೆ ಕೇಳುವುದಕ್ಕೆ ಬ್ಯಾಂಜೋದ ಬೆರಳ ಅಭ್ಯಾಸವೇ ಕಾರಣವೆಂದು ನನ್ನ ಎಣಿಕೆ. ಹೊರಗಿನ ಗಾಳಿ ಬಾಗಿಲು ತೆರೆಯಿತು, ಒಳಗಿದ್ದದ್ದು ಹೊರಗೆ ಬಂತು ಎಂದಷ್ಟೇ ಒಪ್ಪಬಹುದು.

ಮೂವರು ಕೂಡಿ ಹಾಡಬೇಕಾದರೆ ಮೂವರಿಗೂ ಉಳಿದಿಬ್ಬರು ಕೇಳಿಸಬೇಕು. ಇದು ತೀರ ಸಣ್ಣ ಮಾತಿನಂತೆ ತೋರಿದರೂ, 1969ರ ರಾಕ್ ವೇದಿಕೆಯ ಮೇಲೆ ಗಾಯಕನಿಗೆ ತನ್ನ ಕಂಠವೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮೇಳಗಾನ ಒಮ್ಮೆ ಬೇಕೆನಿಸಿತೋ, ಬೆನ್ನ ಹಿಂದಿನ ಆಂಪ್ಲಿಫೈಯರುಗಳ ಅಬ್ಬರ ತಗ್ಗಲೇಬೇಕು, ಡ್ರಮ್ಸಿನವರು ಕಡ್ಡಿಯ ಭಾರ ಇಳಿಸಲೇಬೇಕು. 1970ರ ಮೇ ತಿಂಗಳಿಂದ ಹಲವೆಡೆ ‘ಆನ್ ಈವನಿಂಗ್ ವಿತ್ ದ ಗ್ರೇಟ್‌ಫುಲ್ ಡೆಡ್’ ಎಂದು ಇಡೀ ರಾತ್ರಿಯನ್ನೇ ಹೊಸದಾಗಿ ಜೋಡಿಸಿದರು. ಮೊದಲು ಅಕೌಸ್ಟಿಕ್ ಭಾಗ, ಆಮೇಲೆ ಗಾರ್ಸಿಯಾ ಪೆಡಲ್ ಸ್ಟೀಲಿಗೆ ಕೂರುವ ‘ನ್ಯೂ ರೈಡರ್ಸ್ ಆಫ್ ದ ಪರ್ಪಲ್ ಸೇಜ್’ ತಂಡ, ಕೊನೆಗೆ ವಿದ್ಯುತ್ ವಾದ್ಯಗಳ ಡೆಡ್. ಸಭಿಕರಿಗೆ ಇದು ರುಚಿಸಿತೆಂದು ಹೇಳಲಾರೆ. ಆ ವರ್ಷದ ಟೇಪುಗಳಲ್ಲಿ ಮೆಲುಹಾಡಿನ ನಡುವೆ ಕೂಗು, ಶಿಳ್ಳೆ, ಬೇರೆ ಹಾಡಿಗೆ ಬೇಡಿಕೆ ಕೇಳಿಸುತ್ತಲೇ ಇರುತ್ತವೆ. ನಾಟಕದ ಕಂಪನಿಯ ಹಿಂದಿನ ಸಾಲಿನವರು ಅಮೆರಿಕದಲ್ಲೂ ಇದ್ದರು.

ಇಲ್ಲೇ ಇನ್ನೊಂದು ಆಕ್ಷೇಪ ಎದುರಾಗುತ್ತದೆ: ವೇದಿಕೆಯ ಮೇಲೆ ಇವರು ಮೆತ್ತಗಾದದ್ದಾದರೂ ಎಲ್ಲಿ? ಮೇ 2ರಂದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನ ಹಾರ್ಪರ್ ಕಾಲೇಜಿನಲ್ಲಿ ನುಡಿಸಿದ ರಾತ್ರಿಯನ್ನು ಆಕ್ಷೇಪಿಸುವವರು ಮುಂದಿಡಬಹುದು. ‘ಡೈರ್ ವುಲ್ಫ್’, ‘ಬ್ಲ್ಯಾಕ್ ಪೀಟರ್’, ‘ಅಂಕಲ್ ಜಾನ್ಸ್ ಬ್ಯಾಂಡ್’ ಎಂದು ಅಕೌಸ್ಟಿಕ್ಕಾಗಿ ಶುರುವಾದ ಆ ರಾತ್ರಿ ಮುಗಿಯುವುದು ‘ವಯೋಲಾ ಲೀ ಬ್ಲೂಸ್’ನ ಕಿವಿಗಡಚಿಕ್ಕುವ ಏರಿನಲ್ಲಿ, ಅದರ ಬೆನ್ನಿಗೆ ಅದೇ ವಿದಾಯಗೀತೆಯ ಮೇಳದಲ್ಲಿ. ಆಕ್ಷೇಪ ಸರಿಯೇ. ಆದರೆ ಅದು ನನ್ನ ವಾದಕ್ಕೆ ವಿರುದ್ಧವಲ್ಲ. ದನಿಯ ಸರಾಸರಿ ಮಟ್ಟ ಇಳಿಯಿತೆಂದು ಯಾರೂ ಅಳೆದು ಹೇಳಬೇಕಾಗಿಲ್ಲ. ಇಳಿಯುವ ದಾರಿ ಸಿಕ್ಕಿತು ಎಂಬುದು ಮುಖ್ಯ. 1968ರ ಕಛೇರಿಯಲ್ಲಿ ಏರಿದ ಮೇಲೆ ಉಳಿಯುತ್ತಿದ್ದದ್ದು ಇನ್ನೂ ಏರುವುದು ಅಥವಾ ಫೀಡ್‌ಬ್ಯಾಕಿನಲ್ಲಿ ಕುಸಿಯುವುದು. 1970ರಲ್ಲಿ ಏರಿದವರಿಗೆ ಒಂದು ರಾಗದ ಮೇಲೆ ಕಾಲಿಟ್ಟು ಇಳಿಯಬಹುದಿತ್ತು.

ಮೆಲುದನಿಯೆಲ್ಲ ವೇದಿಕೆಗೆ ಒಗ್ಗಿತೆಂದೂ ಇಲ್ಲ, ಮತ್ತು ಇದನ್ನು ಈ ಕತೆ ಹೇಳುವವರು ಹೆಚ್ಚು ಗಮನಿಸುವುದಿಲ್ಲ. 1970ರ ನವೆಂಬರಿನಲ್ಲಿ ಬಂದ ‘ಅಮೆರಿಕನ್ ಬ್ಯೂಟಿ’ ಇವರ ಅತಿ ಮೃದುವಾದ ಆಲ್ಬಂ. ಡೇವಿಡ್ ಗ್ರಿಸ್ಮನ್‌ನ ಮ್ಯಾಂಡೊಲಿನ್ ಇರುವ ‘ರಿಪಲ್’, ಮೂರು ಕಂಠದ ‘ಆಟಿಕ್ಸ್ ಆಫ್ ಮೈ ಲೈಫ್’, ಸಾಯುತ್ತಿದ್ದ ತಂದೆಗಾಗಿ ಲೆಶ್ ರಾಗ ಕೂಡಿಸಿದ ‘ಬಾಕ್ಸ್ ಆಫ್ ರೈನ್’. ಇವು ಆಗಿನ ಕಛೇರಿಗಳಲ್ಲಿ ಹೆಚ್ಚು ಕಾಲ ಬಾಳಲಿಲ್ಲ. ‘ರಿಪಲ್’ 1971ರಲ್ಲಿ ಮರೆಯಾಗಿ 1980ರಲ್ಲಿ ವಾರ್‌ಫೀಲ್ಡ್ ಮತ್ತು ರೇಡಿಯೋ ಸಿಟಿ ಸಭಾಂಗಣಗಳ ಅಕೌಸ್ಟಿಕ್ ಕಛೇರಿಗಳಿಗೆ ಕಾಯಬೇಕಾಯಿತು. ‘ಆಟಿಕ್ಸ್’ 1972ರ ನಂತರ 1989ರ ಅಕ್ಟೋಬರ್‌ವರೆಗೆ ಕೇಳಿಬರಲಿಲ್ಲ. ಸ್ಟುಡಿಯೋದಲ್ಲಿ ಒಂದನ್ನೊಂದು ತಿದ್ದಿ ಕೂಡಿಸಿದ ಕಂಠಗಳು ವೇದಿಕೆಯಲ್ಲಿ ಕೂಡುತ್ತಿರಲಿಲ್ಲ. ‘ಯುರೋಪ್ ’72’ ಎಂಬ ಕಛೇರಿ ಆಲ್ಬಮ್ಮಿಗೂ ಗಾಯನದ ಭಾಗಗಳನ್ನು ಮನೆಗೆ ಮರಳಿದ ಮೇಲೆ ಹಾಡಿ ತುಂಬಿದರು ಎಂಬುದೇ ಈ ದೌರ್ಬಲ್ಯದ ಒಪ್ಪಿಗೆ. ಹಾಗಾದರೆ ವೇದಿಕೆಯ ಇಂಪು ಎಲ್ಲಿ ನೆಲೆ ಕಂಡಿತು? ಕಂಠದಲ್ಲಿ ಹುಟ್ಟಿದ್ದು ವಾದ್ಯಕ್ಕೆ ದಾಟಿತು ಎಂಬುದು ನನ್ನ ಉತ್ತರ.

1970ರ ಫೆಬ್ರವರಿ 13ರಂದು ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ನುಡಿಸಿದ ‘ಡಾರ್ಕ್ ಸ್ಟಾರ್’ ಸುಮಾರು ಅರ್ಧ ಗಂಟೆಯದು. ಒಂದು ವರ್ಷದ ಹಿಂದಿನದಕ್ಕೆ ಹೋಲಿಸಿದರೆ ಇದರಲ್ಲಿ ಕತ್ತಲೆಯೂ ಹೆಚ್ಚು, ಬೆಳಕೂ ಹೆಚ್ಚು: ಗೊಂಗಿನ ಗುಂಯ್ ಸದ್ದಿನಲ್ಲಿ ಎಲ್ಲ ಕರಗಿ, ಆಮೇಲೆ ಸೈಮನ್ ಮತ್ತು ಗಾರ್ಫಂಕಲ್‌ರ ‘ಫೀಲಿಂಗ್ ಗ್ರೂವಿ’ ನೆನಪಿಸುವ ಹಗುರ ಸ್ವರಸರಣಿಯೊಂದರ ಮೇಲೆ ಎಲ್ಲರೂ ಕೂಡಿಕೊಳ್ಳುತ್ತಾರೆ. ಟೇಪು ಸಂಗ್ರಹಿಸುವವರು ಆ ಭಾಗಕ್ಕೆ ಅದೇ ಹೆಸರಿಟ್ಟಿದ್ದಾರೆ. ಇನ್ನೊಂದು ವರ್ಷ ಕಳೆದು 1971ರ ಫೆಬ್ರವರಿ 18, ಪೋರ್ಟ್ ಚೆಸ್ಟರ್‌ನ ಕ್ಯಾಪಿಟಲ್ ಥಿಯೇಟರ್. ‘ಡಾರ್ಕ್ ಸ್ಟಾರ್’ ಅಂದು ‘ವಾರ್ಫ್ ರ್‍ಯಾಟ್’ ಎಂಬ ಹೊಚ್ಚಹೊಸ ಲಾವಣಿಗೆ ದಾರಿ ಬಿಟ್ಟು, ಮರಳಿ ಬಂದು, ಒಂದು ಸ್ವರಮಾಲಿಕೆಗೆ ಹೊರಳಿತು. ಕೇಳಿದವರಿಗೆ ಅದಕ್ಕೆ ‘ಬ್ಯೂಟಿಫುಲ್ ಜಾಮ್’ ಎಂಬುದರ ಹೊರತು ಬೇರೆ ಹೆಸರು ಹೊಳೆಯಲಿಲ್ಲ. 1999ರ ಸಂಕಲನವೊಂದರಲ್ಲಿ ಅದು ಅದೇ ಹೆಸರಲ್ಲಿ ಅಚ್ಚಾಗಿದೆ. ಹಾಡಿನಿಂದ ಕಲಿತ ಉಸಿರು, ಎಲ್ಲಿ ನಿಲ್ಲಬೇಕು ಎಲ್ಲಿ ಮೀಟಬೇಕು ಎಂಬ ಅಂದಾಜು, ಹಾಡಿಲ್ಲದ ಕಡೆಯಲ್ಲೂ ಕೇಳಿಸತೊಡಗಿದ್ದು ಹೀಗೆ. ಹಾರ್ಟ್ ಆ ರಾತ್ರಿಯ ನಂತರ ತಂಡ ಬಿಟ್ಟ. ಒಬ್ಬನೇ ಡ್ರಮ್ಮರ್ ಉಳಿದಾಗ ತಾಳ ಹಗುರಾಯಿತು. ಅಕ್ಟೋಬರಿನಲ್ಲಿ ಕೀತ್ ಗಾಡ್‌ಶೋ ಪಿಯಾನೋ ಹಿಡಿದು ಬಂದ. ಗಾರ್ಸಿಯಾ ಗಿಬ್ಸನ್ ಎಸ್‌ಜಿಯ ಗಿಟಾರಿನ ದಪ್ಪ ನಾದ ಬಿಟ್ಟು, ಗ್ರಹಾಂ ನ್ಯಾಶ್ ಕೊಟ್ಟ ಸ್ಟ್ರ್ಯಾಟೊಕಾಸ್ಟರಿನ ತೆಳುವಾದ, ತಿಳಿಯಾದ ನಾದಕ್ಕೆ ಹೊರಳಿದ. 1972ರ ವಸಂತದಲ್ಲಿ ಯುರೋಪಿನಲ್ಲಿ ನಡೆಸಿದ 22 ಕಛೇರಿಗಳಲ್ಲಿ ಈ ಎಲ್ಲ ಬದಲಾವಣೆ ಒಟ್ಟಾಗಿ ಕೇಳುತ್ತದೆ. ದೀರ್ಘ ಜಾಮಿನ ತುದಿಗೆ ‘ಮಾರ್ನಿಂಗ್ ಡ್ಯೂ’ವಿನಂಥ ನಿಧಾನದ ಲಾವಣಿ ಬರುವುದು ಕ್ರಮೇಣ ವಾಡಿಕೆಯಾಯಿತು.

ಇದಕ್ಕೆ ತೆತ್ತ ಬೆಲೆ ಪಿಗ್‌ಪೆನ್. ‘ಟರ್ನ್ ಆನ್ ಯುವರ್ ಲವ್‌ಲೈಟ್’ ಹಾಡನ್ನು ಅರ್ಧ ಗಂಟೆ ಎಳೆದು, ಸಭಿಕರನ್ನು ಮಾತಿನಿಂದಲೇ ಕುಣಿಸುತ್ತಿದ್ದ ಬ್ಲೂಸ್ ಗಾಯಕ ಅವನು. ಹೊಸ ಹದದಲ್ಲಿ ಅವನ ಜಾಗ ಕುಗ್ಗುತ್ತ ಬಂತು, ಯಕೃತ್ತು ಕೆಟ್ಟು ದೇಹವೂ ಕುಗ್ಗಿತು. 1972ರ ಜೂನ್ 17ರಂದು ಹಾಲಿವುಡ್ ಬೌಲ್‌ನಲ್ಲಿ ಅವನು ಕೊನೆಯ ಸಲ ತಂಡದೊಂದಿಗೆ ವೇದಿಕೆ ಏರಿದ. ಗಾರ್ಸಿಯಾನ ಲಾವಣಿಗಳಲ್ಲೆಲ್ಲ ಅತಿ ಮೆಲುವಾದ ‘ಸ್ಟೆಲ್ಲಾ ಬ್ಲೂ’ ಮೊದಲ ಸಲ ಕೇಳಿಬಂದದ್ದೂ ಅದೇ ರಾತ್ರಿ. ಮರುವರ್ಷ ಮಾರ್ಚಿನಲ್ಲಿ, 27ನೆಯ ವಯಸ್ಸಿಗೆ, ಪಿಗ್‌ಪೆನ್ ತೀರಿಕೊಂಡ. ಅವನ ಕಾಯಿಲೆಗೂ ಸಂಗೀತದ ಹೊರಳಿಗೂ ಕಾರ್ಯಕಾರಣ ಹಚ್ಚುವುದು ಅನ್ಯಾಯ. ಆದರೆ 1969ರ ಒರಟು ಲವಲವಿಕೆಯನ್ನು ಇಷ್ಟಪಡುವವರು ಆಮೇಲಿನದನ್ನು ಸಪ್ಪೆ ಎಂದರೆ ಆ ದೂರಿನಲ್ಲಿ ತಥ್ಯವಿದೆ. ಹೊಸ ಹಾಡುಗಳ ನಡುವೆ ಆ ಮೈಬಿಸಿಯ ಜಾಗವನ್ನು ಯಾರೂ ತುಂಬಲಿಲ್ಲ.

ಕಡಿಮೆ ಖರ್ಚಿಗಾಗಿ ಮೆತ್ತಗಾದರು ಎಂಬ ವಾದಕ್ಕೆ ಅಂತಿಮ ಉತ್ತರ 1974ರಲ್ಲಿದೆ. ತಂಡದ ಧ್ವನಿತಜ್ಞ ಅವ್ಸ್ಲಿ ಸ್ಟ್ಯಾನ್ಲಿಯ ಯೋಚನೆಯಂತೆ ಆ ವರ್ಷ ಕಟ್ಟಿದ ‘ವಾಲ್ ಆಫ್ ಸೌಂಡ್’ ಸುಮಾರು 75 ಟನ್ ತೂಕದ, 26,400 ವಾಟ್ ಶಕ್ತಿಯ, ಆರುನೂರರಷ್ಟು ಸ್ಪೀಕರುಗಳ ಗೋಡೆ. ಹೆಸರು ಕೇಳಿದವರಿಗೆ ಅಬ್ಬರದ ಯಂತ್ರ ಎನಿಸುತ್ತದೆ. ಕಟ್ಟಿದ್ದು ಸ್ಪಷ್ಟತೆಗಾಗಿ. ಒಂದೊಂದು ವಾದ್ಯಕ್ಕೆ ಬೇರೆಯದೇ ಸ್ಪೀಕರುಗಳ ಕಂಬ, ಲೆಶ್‌ನ ಬೇಸಿನ ಒಂದೊಂದು ತಂತಿಗೂ ಪ್ರತ್ಯೇಕ ದಾರಿ. ಒಂದರ ನಾದ ಇನ್ನೊಂದರಲ್ಲಿ ಕಲಸಿ ಒಡೆಯಬಾರದು ಎಂಬುದು ಲೆಕ್ಕ. ಗೋಡೆ ವಾದಕರ ಬೆನ್ನ ಹಿಂದೆಯೇ ನಿಂತದ್ದರಿಂದ ಸಭಿಕರು ಕೇಳಿದ್ದನ್ನೇ ಇವರೂ ಕೇಳುತ್ತಿದ್ದರು. 1969ರಲ್ಲಿ ಮೂವರು ಕೂಡಿ ಹಾಡಲು ಹೊರಟಾಗ ಎದುರಾದ ತೊಡಕಿಗೆ, ಅತಿರೇಕದ್ದಾದರೂ, ಇದೇ ಪರಿಹಾರ. ವಿಪರ್ಯಾಸವೆಂದರೆ ಕಂಠವೇ ಅದರಲ್ಲಿ ಸೊರಗಿತು. ಹಿಂದಿನ ಗೋಡೆಯ ಸದ್ದು ಮೈಕಿಗೆ ನುಗ್ಗದಿರಲೆಂದು ಒಬ್ಬೊಬ್ಬರಿಗೂ ಜೋಡಿ ಮೈಕು ಇಟ್ಟು, ಒಂದಕ್ಕೆ ಮಾತ್ರ ಹಾಡಿ, ಎರಡಕ್ಕೂ ಸಮನಾಗಿ ಬೀಳುವ ಸದ್ದನ್ನು ಕಳೆಯುವ ಉಪಾಯ ಮಾಡಿದ್ದರು. ಆ ಕಳೆಯುವಿಕೆಯಲ್ಲಿ ಗಾಯನದ ಮೈಯೂ ಕಳೆದು ತೆಳ್ಳಗಾಗಿ ಕೇಳುತ್ತದೆ. ಗೋಡೆಯನ್ನು ಊರಿಂದೂರಿಗೆ ಸಾಗಿಸಲು ದೊಡ್ಡ ಟ್ರಕ್ಕುಗಳು, ಒಂದು ಕಡೆ ನುಡಿಸುತ್ತಿರುವಾಗ ಮುಂದಿನ ಊರಲ್ಲಿ ಕಟ್ಟಲು ಇನ್ನೊಂದು ಅಟ್ಟಣೆ, ಅಷ್ಟಕ್ಕೂ ಆಳುಗಳು. ಕಛೇರಿಯ ಗಳಿಕೆಯನ್ನು ಅದು ನುಂಗಿತು. ಅಕ್ಟೋಬರ್ 16ರಿಂದ 20ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್‌ನಲ್ಲಿ ಐದು ರಾತ್ರಿ ನುಡಿಸಿ ತಂಡ ಪ್ರವಾಸ ನಿಲ್ಲಿಸಿತು. ಕೊನೆಯ ರಾತ್ರಿ ಹಾರ್ಟ್ ಮರಳಿ ಬಂದು ಡ್ರಮ್ಸಿಗೆ ಕೂತ. 1976ರ ಜೂನಿನಲ್ಲಿ ಮತ್ತೆ ಪ್ರವಾಸ ಹೊರಟಾಗ ಆ ಗೋಡೆ ಜೊತೆಗಿರಲಿಲ್ಲ, ಇಬ್ಬರು ಡ್ರಮ್ಮರುಗಳಿದ್ದರು, ಹಾಡುಗಳ ಓಟ ಮೊದಲಿಗಿಂತ ನಿಧಾನವಾಗಿತ್ತು. ಆ ನಿಧಾನವನ್ನು ಇಲ್ಲಿ ಹೇಳಿದ ಇಂಪಿನ ಮುಂದುವರಿಕೆ ಎಂದು ತಿಳಿಯುವವರಿದ್ದಾರೆ. ಇಬ್ಬರು ಡ್ರಮ್ಮರುಗಳು ಮತ್ತೆ ಒಬ್ಬರಿಗೊಬ್ಬರು ಹೊಂದಿಕೊಳ್ಳುವ ಹೊತ್ತಿನ ಎಚ್ಚರಿಕೆಯ ನಡಿಗೆ ಅದು ಎಂಬುದು ಹೆಚ್ಚು ನಂಬಬಹುದಾದ ವಿವರಣೆ. ಮುಂದಿನ ವರ್ಷದ ವಸಂತದ ಟೇಪುಗಳಲ್ಲಿ ಓಟ ಮತ್ತೆ ಚುರುಕಾಗಿರುವುದನ್ನು ಕೇಳಬಹುದು.